ಮನೆಯಲ್ಲೇ ಗೊಂಬೆ ಫೋಟೋ ಶೂಟ್: ಬೆಳಕು, ಕ್ಯಾಮೆರಾ, ಹಿನ್ನೆಲೆ ಆರಿಸುವುದು ಹೇಗೆ?

ಗೊಂಬೆಯ ಫೋಟೋ ಚೆನ್ನಾಗಿ ಬರಲಿಲ್ಲ ಅಂದರೆ ಹೆಚ್ಚಿನವರು ಮೊದಲು ದೂರುವುದು ಕ್ಯಾಮೆರಾವನ್ನು. ಹೊಸ ಫೋನ್ ಬೇಕು, ಲೈಟ್ ಬೇಕು, ಲೈಟ್ ಬಾಕ್ಸ್ (ಒಳಗೆಲ್ಲ ಸಮನಾಗಿ ಬೆಳಕು ಬೀಳುವ ಬಿಳಿ ಪೆಟ್ಟಿಗೆ) ಬೇಕು ಅಂತ ಪಟ್ಟಿ ಶುರುವಾಗುತ್ತದೆ. ಎಷ್ಟೋ ವರ್ಷದಿಂದ ಮನೆಯ ಮೇಜಿನ ಮೇಲೆ ಗೊಂಬೆಗಳನ್ನು ನಿಲ್ಲಿಸಿ ಫೋಟೋ ತೆಗೆಯುತ್ತಾ ಬಂದಿದ್ದೇನೆ. ನಾನು ಕಂಡಂತೆ ಫೋಟೋ ಕೆಡುವುದು ಬೇರೆಯೇ ಕಾರಣಕ್ಕೆ. ಚಿತ್ರದೊಳಗಿನ ಏನೋ ಒಂದು ಗೊಂಬೆಯ ಅಳತೆಗೆ ಇರುವುದಿಲ್ಲ. ಬಟ್ಟೆಯ ಮೇಲಿನ ಹೂವು ಇರಬಹುದು, ಬೆಳಕು ಇರಬಹುದು, ಕ್ಯಾಮೆರಾ ಇಟ್ಟ ಎತ್ತರವೇ ಇರಬಹುದು. ಆ ಒಂದು ತಪ್ಪು "ಇದು ಮೇಜಿನ ಮೇಲಿಟ್ಟ ಆಟಿಕೆ" ಅಂತ ಗುಟ್ಟು ಬಿಟ್ಟುಕೊಡುತ್ತದೆ.

ಹಾಗಾಗಿ ಇಲ್ಲಿ ಒಂದೊಂದು ಆಯ್ಕೆಯನ್ನೂ ಒಂದೇ ಪ್ರಶ್ನೆ ಇಟ್ಟುಕೊಂಡು ತೂಗಿದ್ದೇನೆ: ಗೊಂಬೆಯ ಲೋಕದಲ್ಲಿ ಇದು ಎಷ್ಟು ದೊಡ್ಡದು?

ಮೊದಲು ಒಂದು ಗುಣಾಕಾರ

ಬಾರ್ಬಿ 1959ರಲ್ಲಿ ಬಂದಳು. ಎತ್ತರ ಸುಮಾರು 29 ಸೆಂ.ಮೀ. ಅಂದರೆ ಮನುಷ್ಯರ ಆರನೇ ಒಂದು ಭಾಗ. ಇದನ್ನು 1:6 ಅಳತೆ ಅನ್ನುತ್ತಾರೆ. 60 ಸೆಂ.ಮೀ. ಆಸುಪಾಸಿನ ದೊಡ್ಡ ರೆಸಿನ್ (ಗಟ್ಟಿ ಪ್ಲಾಸ್ಟಿಕ್ ಥರದ ವಸ್ತು) ಬಾಲ್ ಜಾಯಿಂಟ್ ಗೊಂಬೆಗಳು, ಅಂದರೆ ಗುಂಡನೆಯ ಕೀಲುಗಳಿರುವವು, 1:3. 40ರಿಂದ 45 ಸೆಂ.ಮೀ. ಇರುವವು 1:4. ಗೊಂಬೆ ಮನೆಯೊಳಗಿನ ಪುಟಾಣಿಗಳು ಸಾಮಾನ್ಯವಾಗಿ 1:12. ನಿಮ್ಮ ಗೊಂಬೆಯ ಸಂಖ್ಯೆ ಯಾವುದೋ ಅದನ್ನು ನೆನಪಿಟ್ಟುಕೊಳ್ಳಿ. ಫೋಟೋದೊಳಗೆ ಬರುವ ಪ್ರತಿ ವಸ್ತುವನ್ನೂ ಅದರಿಂದ ಗುಣಿಸಿ ನೋಡಿ.

ಟೇಬಲ್ ಕ್ಲಾತ್ ಮೇಲಿನ 5 ಸೆಂ.ಮೀ. ಹೂವು 1:6 ಗೊಂಬೆಗೆ 30 ಸೆಂ.ಮೀ. ಆಗುತ್ತದೆ. ಅವಳ ಮುಖಕ್ಕಿಂತ ದೊಡ್ಡದು! ಕೋಟಿನ 2.5 ಸೆಂ.ಮೀ. ಗುಂಡಿ ಅವಳ ಕೈಯಲ್ಲಿ 15 ಸೆಂ.ಮೀ. ಅಗಲದ ಸಣ್ಣ ತಟ್ಟೆ. ಬೆಂಕಿಪೊಟ್ಟಣಕ್ಕೆ ಕಂದು ಕಾಗದ ಸುತ್ತಿದರೆ ಒಂದು ಒಳ್ಳೆಯ ಪೆಟ್ಟಿಗೆ. ಈ ಲೆಕ್ಕ ರೂಢಿಯಾದ ಮೇಲೆ ಮನೆಯಲ್ಲಿರುವ ಅರ್ಧ ವಸ್ತುಗಳು ಬೇರೆ ರೀತಿ ಕಾಣತೊಡಗುತ್ತವೆ. ನನಗಂತೂ ಈ ಹವ್ಯಾಸದಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಇದೇ.

ಬ್ಲೈತ್ ಥರದ ಗೊಂಬೆಗಳ ವಿಷಯ ಸ್ವಲ್ಪ ಬೇರೆ. 1972ರಲ್ಲಿ ಬಂದ ಈ ಗೊಂಬೆ ಸುಮಾರು 28 ಸೆಂ.ಮೀ. ಎತ್ತರ, ಆದರೆ ತಲೆ ತುಂಬಾ ದೊಡ್ಡದು. ಕುರ್ಚಿ, ಮೇಜು ಆರಿಸುವಾಗ ಅವಳ ಕಾಲಿನ ಉದ್ದ ನೋಡಿ. ಟೋಪಿ, ದಿಂಬು, ಕನ್ನಡಿ ಆರಿಸುವಾಗ ತಲೆ ನೋಡಿ.

ಬೆಳಕು: ಕಿಟಕಿಯೋ, ಟೇಬಲ್ ಲ್ಯಾಂಪೋ, ಎಲ್‌ಇಡಿ ಪ್ಯಾನೆಲೋ, ಲೈಟ್ ಬಾಕ್ಸೋ?

ದುಡ್ಡು ಖರ್ಚು ಮಾಡುವ ಮೊದಲು ಕಿಟಕಿಯನ್ನು ಪರೀಕ್ಷೆ ಮಾಡಿ. ನೇರ ಬಿಸಿಲು ಬೀಳದ ಕಿಟಕಿಯಾದರೆ ಸಾಕು. ಬಿಸಿಲು ಬೀಳುತ್ತಿದ್ದರೆ ತೆಳು ಬಿಳಿ ಪರದೆ ಎಳೆಯಿರಿ. ಬೆಳಕಿನ ಮೂಲ ವಸ್ತುವಿಗಿಂತ ಎಷ್ಟು ದೊಡ್ಡದಾಗಿ, ಎಷ್ಟು ಹತ್ತಿರ ಇರುತ್ತದೋ ನೆರಳು ಅಷ್ಟು ಮೃದುವಾಗುತ್ತದೆ. 60 ಸೆಂ.ಮೀ. ಅಗಲದ ಸಾಧಾರಣ ಕಿಟಕಿ 1:6 ಗೊಂಬೆಯ ಪಾಲಿಗೆ 3.6 ಮೀಟರ್ ಅಗಲದ ಕಿಟಕಿ. ದೊಡ್ಡ ಸ್ಟುಡಿಯೋದಲ್ಲೂ ಅಷ್ಟು ದೊಡ್ಡ ಲೈಟ್ ಸುಲಭಕ್ಕೆ ಸಿಗುವುದಿಲ್ಲ. ನಿಮಗೆ ಅದು ಪುಕ್ಕಟೆ ಸಿಗುತ್ತಿದೆ.

ಮೇಜನ್ನು ಕಿಟಕಿಯ ಪಕ್ಕಕ್ಕೆ ತನ್ನಿ. ಬೆಳಕು ಒಂದು ಪಕ್ಕದಿಂದ ಬರಲಿ. ಕೋಣೆಯ ದೀಪಗಳನ್ನೆಲ್ಲ ಆಫ್ ಮಾಡಿ. ಇದನ್ನು ಮರೆತರೆ ಮುಖದ ಅರ್ಧ ನೀಲಿ, ಅರ್ಧ ಹಳದಿ ಬರುತ್ತದೆ. ಬೆಳಕಿನ ಬಣ್ಣವನ್ನು ಕೆಲ್ವಿನ್ ಲೆಕ್ಕದಲ್ಲಿ ಹೇಳುತ್ತಾರೆ, ಸಂಖ್ಯೆ ಕಡಿಮೆಯಾದಷ್ಟು ಬೆಳಕು ಹಳದಿ. ಹಗಲಿನ ಬೆಳಕು ಸುಮಾರು 5500 ಕೆಲ್ವಿನ್, ಹಳದಿ ಬಲ್ಬು ಸುಮಾರು 2700 ಕೆಲ್ವಿನ್. ಎರಡನ್ನೂ ಒಟ್ಟಿಗೆ ಸರಿಮಾಡಲು ಹೆಚ್ಚಿನ ಕ್ಯಾಮೆರಾಗಳಿಗೆ ಆಗುವುದಿಲ್ಲ.

ಈಗ ಗೊಂಬೆಯ ಕಣ್ಣು ನೋಡಿ. ತಲೆಯನ್ನು ನಿಧಾನಕ್ಕೆ ಕಿಟಕಿಯ ಕಡೆ ತಿರುಗಿಸುತ್ತಾ ಹೋಗಿ. ಒಂದು ಹಂತದಲ್ಲಿ ಕಣ್ಣೊಳಗೆ ಸಣ್ಣ ಬಿಳಿ ಚೌಕ ಮಿನುಗುತ್ತದೆ. ಅದು ಕಿಟಕಿಯ ಪ್ರತಿಬಿಂಬ. ಆ ಕ್ಷಣಕ್ಕೆ ಗೊಂಬೆ ನಿಮ್ಮನ್ನೇ ನೋಡಿದ ಹಾಗಾಗುತ್ತದೆ. ಇನ್ನೂ ತಿರುಗಿಸಿದರೆ ಮೂಗಿನ ನೆರಳು ಕರಗಿ ಮುಖ ಚಪ್ಪಟೆಯಾಗುತ್ತದೆ. ಮಿನುಗೂ ಇರಬೇಕು, ಮೂಗಿನ ಪಕ್ಕ ಚೂರು ನೆರಳೂ ಇರಬೇಕು. ಅಲ್ಲಿಗೆ ನಿಲ್ಲಿಸಿ. ನೆರಳಿನ ಕಡೆ ತೀರಾ ಕಪ್ಪಾಗಿದ್ದರೆ ಒಂದು ಬಿಳಿ ಹಾಳೆಯನ್ನು ಮಡಚಿ ಆ ಪಕ್ಕ ನಿಲ್ಲಿಸಿ. ಗೊಂಬೆ ಚಿಕ್ಕದಾದ್ದರಿಂದ ಎ4 ಹಾಳೆಯೇ ದೊಡ್ಡ ರಿಫ್ಲೆಕ್ಟರ್. ಇದೇ ಜಾಗದಲ್ಲಿ ಕಪ್ಪು ಹಾಳೆ ಇಟ್ಟರೆ ನೆರಳು ಗಾಢವಾಗುತ್ತದೆ. ದುಃಖದ, ಗಂಭೀರದ ದೃಶ್ಯಕ್ಕೆ ಅದೇ ಚೆನ್ನ.

ಕಿಟಕಿಯ ಕೊರತೆ ಗೊತ್ತೇ ಇದೆ. ಮೋಡ ಬಂದರೆ ಬೆಳಕು ಬದಲಾಗುತ್ತದೆ, ರಾತ್ರಿ ಇರುವುದೇ ಇಲ್ಲ. ದಿನವೆಲ್ಲ ಕೆಲಸಕ್ಕೆ ಹೋಗಿ ರಾತ್ರಿ ಮಾತ್ರ ಬಿಡುವಿರುವವರಿಗೆ ಬೇರೆ ದಾರಿ ಬೇಕು.

ಟೇಬಲ್ ಲ್ಯಾಂಪ್ ಬಳಸುವವರು ಸಾಮಾನ್ಯವಾಗಿ ಮಾಡುವ ತಪ್ಪು ಅದನ್ನು ತೀರಾ ಹತ್ತಿರ ಇಡುವುದು. ಬಲ್ಬು ತಲೆಯಿಂದ 20 ಸೆಂ.ಮೀ., ಕಾಲಿನಿಂದ 45 ಸೆಂ.ಮೀ. ದೂರ ಇದೆ ಅಂದುಕೊಳ್ಳಿ. ದೂರ ಹೆಚ್ಚಿದಂತೆ ಬೆಳಕು ಅದರ ವರ್ಗದಷ್ಟು ಕಡಿಮೆಯಾಗುತ್ತದೆ. ಅಂದರೆ ಕಾಲಿಗಿಂತ ತಲೆಗೆ ಐದು ಪಟ್ಟು ಜಾಸ್ತಿ ಬೆಳಕು. ಹಣೆ ಬೆಳ್ಳಗೆ, ಬೂಟು ಕತ್ತಲೆ. ನಿಜವಾದ ಕೋಣೆಯಲ್ಲಿ ನಿಂತ ಮನುಷ್ಯರ ಮೇಲೆ ಬೆಳಕು ಹೀಗೆ ಬೀಳುವುದು ಅಪರೂಪ, ಅದಕ್ಕೇ ಕಣ್ಣಿಗೆ ಏನೋ ಸರಿಯಿಲ್ಲ ಅನಿಸುವುದು. ಅದೇ ಲ್ಯಾಂಪನ್ನು ತಲೆಯಿಂದ ಒಂದು ಮೀಟರ್ ದೂರಕ್ಕೆ ಒಯ್ದರೆ ಈ ವ್ಯತ್ಯಾಸ ಒಂದೂವರೆ ಪಟ್ಟಿಗೆ ಇಳಿಯುತ್ತದೆ. ದೂರದ ಬೆತ್ತಲೆ ಬಲ್ಬು ಚೂಪಾದ ನೆರಳು ಕೊಡುತ್ತದೆ. ಮಧ್ಯಾಹ್ನದ ಬಿಸಿಲಿನ ದೃಶ್ಯಕ್ಕೆ ಇದಕ್ಕಿಂತ ಒಳ್ಳೆಯ ಸೂರ್ಯ ಬೇಕಿಲ್ಲ. ಮೃದು ಬೆಳಕು ಬೇಕಾದರೆ ಒಂದು ಫ್ರೇಮಿಗೆ ಬಟರ್ ಪೇಪರ್ ಅಂಟಿಸಿ ಲ್ಯಾಂಪ್ ಮತ್ತು ಗೊಂಬೆಯ ನಡುವೆ, ಗೊಂಬೆಗೆ ಹತ್ತಿರವಾಗಿ ಇಡಿ. ಆಗ ಬೆಳಗುವುದು ಬಲ್ಬಲ್ಲ, ಇಡೀ ಕಾಗದ. ಬಿಸಿಯಾಗುವ ಬಲ್ಬಿಗೆ ಮಾತ್ರ ಕಾಗದ ತಾಗಿಸಬೇಡಿ. ಬಿಸಿ ಬಲ್ಬಿನ ಹತ್ತಿರ ಗೊಂಬೆಯ ವಿನೈಲ್ (ಮೆದು ಪ್ಲಾಸ್ಟಿಕ್) ಕೂಡ ಮೆತ್ತಗಾಗುತ್ತದೆ.

ಎಲ್‌ಇಡಿ ಪ್ಯಾನೆಲ್ ಕೊಳ್ಳುವುದಾದರೆ ಎರಡು ವಿಷಯ ನೋಡಿ. ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ ಅಳತೆ) ಸಂಖ್ಯೆ 90ಕ್ಕಿಂತ ಮೇಲಿರಬೇಕು. ಇಲ್ಲದಿದ್ದರೆ ಮೈಬಣ್ಣ ಸಪ್ಪೆಯಾಗಿ, ಕೆಲವೊಮ್ಮೆ ಹಸಿರು ಬೆರೆತ ಹಾಗೆ ಬರುತ್ತದೆ. ಎರಡನೆಯದು, ಬಣ್ಣದ ತಾಪ (ಮೇಲೆ ಹೇಳಿದ ಕೆಲ್ವಿನ್ ಸಂಖ್ಯೆ) ಬದಲಿಸಲು ಬರಬೇಕು. ಆಗ ಒಂದೇ ಪ್ಯಾನೆಲಿನಲ್ಲಿ ಬೆಳಗ್ಗೆಯೂ ಆಗುತ್ತದೆ, ಸಂಜೆಯೂ ಆಗುತ್ತದೆ. ಕೆಲವು ಅಗ್ಗದ ಎಲ್‌ಇಡಿಗಳು ಮಿಣುಕುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಫೋಟೋದಲ್ಲಿ ಅಡ್ಡ ಪಟ್ಟೆಗಳು ಬರುತ್ತವೆ. ಷಟರ್ ವೇಗ ಇಳಿಸಿದರೆ, ಅಂದರೆ ಕ್ಯಾಮೆರಾ ಹೆಚ್ಚು ಹೊತ್ತು ಬೆಳಕು ಹಿಡಿಯುವಂತೆ ಮಾಡಿದರೆ, ಪಟ್ಟೆ ಹೋಗುತ್ತದೆ. ನಿಮ್ಮಲ್ಲಿ ವಿದ್ಯುತ್ 50 ಹರ್ಟ್ಸ್ ಆದರೆ 1/50 ಸೆಕೆಂಡ್, 60 ಹರ್ಟ್ಸ್ ಆದರೆ 1/60 ಇಟ್ಟು ನೋಡಿ.

ರಿಂಗ್ ಲೈಟ್ ಬೇಡ. ಗಾಜಿನ ಕಣ್ಣಿನ ಗೊಂಬೆಗಂತೂ ಖಂಡಿತ ಬೇಡ. ಕಣ್ಣೊಳಗೆ ಉಂಗುರ ಕಾಣುತ್ತದೆ, ಅವಳ ಕೋಣೆಯಲ್ಲಿ ಅಂಥ ಉಂಗುರ ಇರಲು ಕಾರಣವೇ ಇಲ್ಲ. ಫೋನಿನ ಫ್ಲ್ಯಾಶ್ ಪ್ಲಾಸ್ಟಿಕ್ ಕೆನ್ನೆಯ ಮೇಲೆ ಹೊಳೆಯುವ ಚುಕ್ಕೆ ಬಿಟ್ಟು ಬೇರೇನೂ ಕೊಡುವುದಿಲ್ಲ.

ಲೈಟ್ ಬಾಕ್ಸ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ನೀವು ಹೊಲಿದ ಗೊಂಬೆ ಬಟ್ಟೆಯನ್ನು ಮಾರುತ್ತಿದ್ದರೆ, ಸಂಗ್ರಹದ ದಾಖಲೆ ಮಾಡುತ್ತಿದ್ದರೆ ಅದು ಒಳ್ಳೆಯ ಆಯ್ಕೆ. ಹೊಲಿಗೆ, ಗುಂಡಿ, ಬಣ್ಣ ಎಲ್ಲ ಸ್ಪಷ್ಟ, ಪ್ರತಿ ಫೋಟೋವೂ ಒಂದೇ ಥರ. ಆದರೆ ಬೆಳಕು ಎಲ್ಲ ಕಡೆಯಿಂದ ಸಮನಾಗಿ ಬರುವುದರಿಂದ ನೆರಳೇ ಇರುವುದಿಲ್ಲ. ನೆರಳಿಲ್ಲದೆ ಹೊತ್ತು ಇಲ್ಲ, ಜಾಗವೂ ಇಲ್ಲ. ಕಥೆ ಹೇಳುವ ಫೋಟೋಗೆ ಅದು ಹೊಂದುವುದಿಲ್ಲ. ಈಗಾಗಲೇ ಕೊಂಡಿದ್ದರೆ ಒಂದು ಪಕ್ಕಕ್ಕೆ ಒಳಗಿನಿಂದ ಕಪ್ಪು ಕಾಗದ ಅಂಟಿಸಿ ನೋಡಿ. ಮುಖಕ್ಕೆ ಆಕಾರ ಬರುತ್ತದೆ.

ನನ್ನ ಆಯ್ಕೆ ಹೀಗೆ: ಹಗಲು ಬಿಡುವಿದ್ದರೆ ಕಿಟಕಿ. ರಾತ್ರಿ ಮಾತ್ರ ಸಮಯವಿದ್ದರೆ ಒಂದೇ ಒಂದು ಒಳ್ಳೆಯ ಪ್ಯಾನೆಲ್, ಅದರ ಮುಂದೆ ಬಟರ್ ಪೇಪರ್. ಒಂದು ಒಳ್ಳೆಯ ಲೈಟ್ ಎರಡು ಸಾಧಾರಣ ಲೈಟಿಗಿಂತ ಮೇಲು.

ಫೋನೋ, ಕ್ಯಾಮೆರಾನೋ?

ಯಾವುದಾದರೂ ಸರಿ, ಮೊದಲು ಎತ್ತರ ಸರಿಮಾಡಿ. ನಿಂತ ಮನುಷ್ಯರ ಕಣ್ಣು ನೆಲದಿಂದ ಸುಮಾರು 1.6 ಮೀಟರ್ ಮೇಲಿರುತ್ತದೆ. ಆರರಿಂದ ಭಾಗಿಸಿದರೆ 27 ಸೆಂ.ಮೀ. ಲೆನ್ಸ್ ಗೊಂಬೆ ನಿಂತ ನೆಲದಿಂದ ಅಷ್ಟೇ ಎತ್ತರದಲ್ಲಿರಬೇಕು. ಗೊಂಬೆ ಕೂತಿದ್ದರೆ ಇನ್ನೂ ಕೆಳಗೆ. ನಾವು ಕುರ್ಚಿಯಲ್ಲಿ ಕೂತು ಮೇಲಿನಿಂದ ತೆಗೆದರೆ ಮಹಡಿಯ ಮೇಲಿಂದ ಬಗ್ಗಿ ನೋಡಿದ ಹಾಗಿರುತ್ತದೆ. ಫೋನಿನಲ್ಲಿ ಇದಕ್ಕೊಂದು ಸುಲಭ ಉಪಾಯವಿದೆ. ಫೋನನ್ನು ತಲೆಕೆಳಗು ಹಿಡಿಯಿರಿ. ಲೆನ್ಸ್ ಮೇಜಿಗೆ ತಾಗುವಷ್ಟು ಕೆಳಗೆ ಬರುತ್ತದೆ. ಗೊಂಬೆ ನೆಲದ ಮೇಲೆ ಮಲಗಿರುವ ದೃಶ್ಯಕ್ಕೆ ಇದು ಬಹಳ ಉಪಯೋಗ.

ಫೋನಿನ ಮುಖ್ಯ ಲೆನ್ಸ್ ಅಗಲದ ನೋಟದ್ದು, ಹೆಚ್ಚಾಗಿ ದೊಡ್ಡ (35 ಮಿ.ಮೀ.) ಕ್ಯಾಮೆರಾದ 24ರಿಂದ 26 ಮಿ.ಮೀ. ಲೆನ್ಸಿಗೆ ಸಮ. ಅದನ್ನು ಹಿಡಿದುಕೊಂಡು ಮುಖದ ಹತ್ತಿರ ಹೋದರೆ ಹಣೆ, ಮೂಗು ಉಬ್ಬುತ್ತವೆ, ಕಿವಿ ಹಿಂದೆ ಸರಿಯುತ್ತದೆ. ಹತ್ತಿರ ಹೋಗಬೇಡಿ. ಹಿಂದೆ ಸರಿದು ಫೋನಿನ 2 ಅಥವಾ 3 ಪಟ್ಟಿನ ಲೆನ್ಸ್ ಬಳಸಿ. ಹಿನ್ನೆಲೆಯನ್ನು ಫೋನೇ ಮಸುಕು ಮಾಡುವ ಪೋರ್ಟ್ರೇಟ್ ಮೋಡ್ ಗೊಂಬೆಯ ಕೂದಲಿನ ಬಿಡಿ ಎಳೆಗಳನ್ನು, ಕೆಲವೊಮ್ಮೆ ಬೆರಳುಗಳನ್ನೂ ಹಿನ್ನೆಲೆ ಅಂದುಕೊಂಡು ಅಳಿಸಿಬಿಡುತ್ತದೆ. ಅದನ್ನು ಆಫ್ ಮಾಡಿ.

ಕ್ಯಾಮೆರಾ ಇರುವವರು ಹಿನ್ನೆಲೆಯನ್ನು ಬೆಣ್ಣೆಯಂತೆ ಮಸುಕು ಮಾಡಲು ಹಂಬಲಿಸುತ್ತಾರೆ. ಇಲ್ಲಿ ಸ್ವಲ್ಪ ನಿಲ್ಲಿ. ಒಂದು ದೃಶ್ಯದಲ್ಲಿ ತೆಳು ಪಟ್ಟಿಯಷ್ಟು ಮಾತ್ರ ಸ್ಪಷ್ಟವಿದ್ದು ಹಿಂದೆ ಮುಂದೆ ಎಲ್ಲ ಮಸುಕಾದರೆ ನಮ್ಮ ಕಣ್ಣು ಅದನ್ನು ಪುಟ್ಟ ವಸ್ತು ಅಂತ ಓದುತ್ತದೆ. ನಿಜವಾದ ಊರಿನ ಫೋಟೋವನ್ನು ಹೀಗೆ ಮಸುಕು ಮಾಡಿದರೆ ಆಟಿಕೆ ಊರಿನಂತೆ ಕಾಣುವುದು ಇದೇ ಕಾರಣಕ್ಕೆ. ನಮಗೆ ಬೇಕಿರುವುದು ಅದರ ಉಲ್ಟಾ. ಇಡೀ ಕೋಣೆ ಕಾಣುವ ದೃಶ್ಯಕ್ಕೆ ಲೆನ್ಸಿನ ತೆರಪು (ಅಪರ್ಚರ್) ಎಫ್ 8ರಿಂದ ಎಫ್ 11 ಇಡಿ. ಈ ಸಂಖ್ಯೆ ದೊಡ್ಡದಾದಷ್ಟು ತೆರಪು ಚಿಕ್ಕದು, ಹೆಚ್ಚು ಭಾಗ ಸ್ಪಷ್ಟ. ಫೋನಿನ ಸೆನ್ಸರ್ ಚಿಕ್ಕದಾದ್ದರಿಂದ ಅಲ್ಲಿ ಹಿಂದೆ ಮುಂದೆ ಎಲ್ಲ ತಾನಾಗಿಯೇ ಸ್ಪಷ್ಟ. ಹಾಗಾಗಿ ಕೋಣೆ, ಬೀದಿ, ತೋಟದಂಥ ದೃಶ್ಯಕ್ಕೆ ನಾನು ಈಗಲೂ ಫೋನನ್ನೇ ಎತ್ತಿಕೊಳ್ಳುತ್ತೇನೆ. ಮುಖವೊಂದೇ ಬೇಕಾದಾಗ, ರೆಪ್ಪೆಯ ಒಂದೊಂದು ಎಳೆ ಕಾಣಬೇಕಾದಾಗ ಕ್ಯಾಮೆರಾ ಮತ್ತು 90 ಅಥವಾ 100 ಮಿ.ಮೀ. ಮ್ಯಾಕ್ರೋ ಲೆನ್ಸಿಗೆ (ತೀರಾ ಹತ್ತಿರದಿಂದ ತೆಗೆಯಲು ಮಾಡಿದ್ದು) ಸಾಟಿಯಿಲ್ಲ. ಫೋಕಸ್ ಹತ್ತಿರದ ಕಣ್ಣಿನ ಮೇಲಿರಲಿ.

ಮಸುಕನ್ನೇ ಬಲ ಮಾಡಿಕೊಂಡವರೂ ಇದ್ದಾರೆ ಅನ್ನಿ. ಅಮೆರಿಕದ ಡೇವಿಡ್ ಲೆವಿಂತಾಲ್ 1970ರ ದಶಕದಿಂದ ಆಟಿಕೆ ಸೈನಿಕರ ಫೋಟೋ ತೆಗೆಯುತ್ತಾ ಬಂದರು. ಅವರು ಆಟಿಕೆಯನ್ನೇ ಮಸುಕು ಮಾಡಿದರು. ಅಚ್ಚಿನ ಗೆರೆ, ಪ್ಲಾಸ್ಟಿಕ್ ಹೊಳಪು ಕಾಣದಾದಾಗ ಯುದ್ಧದ ನಿಜ ಚಿತ್ರದಂತೆ ಭಾಸವಾಗುತ್ತದೆ. ಮುಖ ತೋರಿಸಲು ಗೊಂಬೆ ಫೋಟೋ ತೆಗೆಯುವ ನಮಗೆ ಆ ದಾರಿ ಅಪರೂಪಕ್ಕೆ ಮಾತ್ರ ಹೊಂದುತ್ತದೆ.

ಟ್ರೈಪಾಡ್ ಇಲ್ಲದಿದ್ದರೆ ಫೋನನ್ನು ಪುಸ್ತಕಗಳಿಗೆ ಒರಗಿಸಿ. ಗೊಂಬೆ ಅಲ್ಲಾಡುವುದಿಲ್ಲ, ಕಣ್ಣು ಮುಚ್ಚುವುದಿಲ್ಲ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 100ರಲ್ಲಿಟ್ಟು ಅರ್ಧ ಸೆಕೆಂಡ್ ಷಟರ್ ಬಿಟ್ಟರೂ ಚಿತ್ರ ಚೊಕ್ಕ. 2 ಸೆಕೆಂಡಿನ ಟೈಮರ್ ಹಾಕಿ ಕೈ ತೆಗೆಯಿರಿ, ಅಷ್ಟೇ.

ಹಿನ್ನೆಲೆ

ಒಂದೇ ಬಣ್ಣದ ದೊಡ್ಡ ಕಾಗದ ಎಲ್ಲಕ್ಕಿಂತ ಸುಲಭ. ಗೋಡೆಗೆ ಅಂಟಿಸಿ ಮೇಜಿನ ಮೇಲೆ ಬಾಗಿಸಿ ಬಿಡಿ, ಮೂಲೆಯ ಗೆರೆ ಕಾಣಬಾರದು. ಗೊಂಬೆಯನ್ನು ಹಿಂಭಾಗದಿಂದ 30 ಸೆಂ.ಮೀ.ನಾದರೂ ಮುಂದೆ ನಿಲ್ಲಿಸಿ, ನೆರಳು ಹಿಂದಕ್ಕೆ ಬೀಳದಿರಲಿ. ಮ್ಯಾಟ್ ಕಾಗದ ತನ್ನಿ. ಮಿರುಗುವ ಚಾರ್ಟ್ ಬೆಳಕನ್ನು ವಾಪಸ್ ಎಸೆಯುತ್ತದೆ.

ಬಟ್ಟೆ ನೋಡಲು ಚೆಂದ, ಆದರೆ ಬೇಗ ಕೈ ಕೊಡುತ್ತದೆ. ಒಂದು ಸೆಂ.ಮೀ. ಸುಕ್ಕು ಅವಳಿಗೆ 6 ಸೆಂ.ಮೀ. ಇಸ್ತ್ರಿ ಮಾಡಲೇಬೇಕು. ಗೊಂಬೆಯ ಪರದೆಗೆ, ಹೊದಿಕೆಗೆ ಹಳೆಯ ತೆಳು ಹತ್ತಿ ಕರವಸ್ತ್ರ ಒಳ್ಳೆಯದು. ದಪ್ಪ ಬಟ್ಟೆ ಜೋಲುವುದಿಲ್ಲ, ಹಲಗೆಯಂತೆ ನಿಲ್ಲುತ್ತದೆ. ನೀರು ಚಿಮುಕಿಸಿ, ಬೆರಳಿಂದ ಮಡಿಕೆ ಮಾಡಿ, ಒಣಗಲು ಬಿಟ್ಟರೆ ಹತ್ತಿ ಮಾತು ಕೇಳುತ್ತದೆ.

ಪ್ರಿಂಟ್ ಮಾಡಿದ ಬೀದಿ, ಕಡಲತೀರದ ಚಿತ್ರ ಬಳಸುವವರು ಎರಡೇ ವಿಷಯ ಗಮನಿಸಿದರೆ ಸಾಕು. ದಿಗಂತದ ಗೆರೆ ಕ್ಯಾಮೆರಾದ ಎತ್ತರಕ್ಕೆ, ಅಂದರೆ ಹೆಚ್ಚು ಕಡಿಮೆ ಗೊಂಬೆಯ ಕಣ್ಣಿನ ಮಟ್ಟಕ್ಕೆ ಬರಬೇಕು. ಚಿತ್ರದಲ್ಲಿ ಬಿಸಿಲು ಎಡದಿಂದ ಬರುತ್ತಿದ್ದರೆ ನಿಮ್ಮ ಲೈಟೂ ಎಡದಲ್ಲೇ ಇರಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ಅವಳು ಪೋಸ್ಟರ್ ಮುಂದೆ ನಿಂತ ಹಾಗೆ ಕಾಣುತ್ತಾಳೆ. ಟಿವಿ ಅಥವಾ ಲ್ಯಾಪ್‌ಟಾಪ್ ಪರದೆಯನ್ನೂ ಹಿನ್ನೆಲೆ ಮಾಡಬಹುದು. ನೇರ ಫೋಕಸ್ ಬಿದ್ದರೆ ಅಲೆಅಲೆಯಾದ ಗೆರೆಗಳು ಮೂಡುತ್ತವೆ. ಮೊದಲೇ ಸ್ವಲ್ಪ ಮಸುಕು ಮಾಡಿದ ಚಿತ್ರ ಹಾಕಿ, ಪರದೆಯ ಹೊಳಪು ಇಳಿಸಿ. ರಾತ್ರಿಯ ನಗರದ ದೀಪಗಳಿಗೆ ನನಗೆ ಇದೇ ಇಷ್ಟ.

ಇನ್ನು ಕೋಣೆ ಕಟ್ಟುವುದು. ಎರಡು ಗೋಡೆ, ಒಂದು ನೆಲ ಸಾಕು. ಮೂರನೇ ಗೋಡೆ ಬೆಳಕಿಗೆ ಅಡ್ಡ ಬರುತ್ತದೆ. ಫೋಮ್ ಬೋರ್ಡ್ ಹಗುರ, ಬ್ಲೇಡಿನಲ್ಲಿ ಕತ್ತರಿಸಬಹುದು. 2.7 ಮೀಟರ್ ಎತ್ತರದ ಕೋಣೆಗೆ 1:6ರಲ್ಲಿ 45 ಸೆಂ.ಮೀ. ಗೋಡೆ ಬೇಕು. ಗೋಡೆಗೆ ಬಣ್ಣ ಬಳಿದ ಮೇಲೂ ಅದು ಬೋರ್ಡಿನಂತೆಯೇ ಕಾಣುತ್ತದೆ. ಆಗ ಒಂದೂವರೆ ಸೆಂ.ಮೀ. ಅಗಲದ ದಪ್ಪ ಕಾಗದದ ಪಟ್ಟಿಗೆ ಬಿಳಿ ಬಣ್ಣ ಹಚ್ಚಿ ಗೋಡೆಯ ಬುಡಕ್ಕೆ ಅಂಟಿಸಿ. ನಮ್ಮ ಕೋಣೆಗಳ ಸ್ಕರ್ಟಿಂಗ್ ಇರುತ್ತದಲ್ಲ, ಅದು. ಅಂಟಿಸಿದ ಕೂಡಲೇ ಎರಡು ಬೋರ್ಡುಗಳು ಕೋಣೆಯಾಗುತ್ತವೆ. ಮೊದಲ ಸಲ ಇದನ್ನು ಮಾಡಿದ ದಿನ ಗೊಂಬೆಯನ್ನೇ ಇಡದೆ ಬರೀ ಖಾಲಿ ಕೋಣೆಯ ಫೋಟೋಗಳನ್ನು ಎಷ್ಟೋ ಹೊತ್ತು ತೆಗೆದಿದ್ದೆ.

ಅಮೆರಿಕದ ಲಾರಿ ಸಿಮನ್ಸ್ 1970ರ ದಶಕದ ನಡುವಿನಿಂದಲೇ ಗೊಂಬೆ ಮನೆಯ ಅಡುಗೆಕೋಣೆ, ಬಚ್ಚಲುಮನೆಗಳಲ್ಲಿ ಪುಟ್ಟ ಗೊಂಬೆಗಳನ್ನಿಟ್ಟು ಫೋಟೋ ತೆಗೆದ ಕಲಾವಿದೆ. ಮೊದಮೊದಲ ಚಿತ್ರಗಳು ಕಪ್ಪು ಬಿಳುಪು. ಕೋಣೆ ಕಟ್ಟುವ ಆಸೆ ಇರುವವರು ಅವುಗಳಲ್ಲಿ ಬೆಳಕು ಎಲ್ಲಿಂದ ಬರುತ್ತದೆ ಅನ್ನುವುದನ್ನು ಗಮನಿಸಿ ನೋಡಿ.

ಹೊರಗೆ ತೋಟದಲ್ಲಿ ತೆಗೆಯುವುದಾದರೆ ಎಲೆಯ ಗಾತ್ರ ನೋಡಿ ಗಿಡ ಆರಿಸಿ. ಪಾಚಿ ಅವಳಿಗೆ ಹುಲ್ಲು, ನಮ್ಮ ಹುಲ್ಲು ಅವಳಿಗೆ ಪೊದೆ. ನೀರಿನ ಹನಿಯನ್ನು ಮಾತ್ರ ಚಿಕ್ಕದು ಮಾಡಲು ಆಗುವುದಿಲ್ಲ. ಮಳೆಯ ದೃಶ್ಯ ಕಷ್ಟವಾಗುವುದು ಅದಕ್ಕೇ.

ನಿಲ್ಲಿಸುವುದು

ಸೊಂಟ ಹಿಡಿಯುವ ಸ್ಟ್ಯಾಂಡ್ ಭದ್ರ, ಆದರೆ ಬಟ್ಟೆಯನ್ನು ಹಿಂಡುತ್ತದೆ. ಕಾಲುಗಳ ನಡುವೆ ಬರುವ ಸ್ಟ್ಯಾಂಡ್ ಉದ್ದ ಲಂಗದೊಳಗೆ ಅಡಗುತ್ತದೆ. ಪಾದದಡಿ ಅಂಟು ಪುಟ್ಟಿ ಇಡುವುದು ಐದು ನಿಮಿಷದ ಕೆಲಸಕ್ಕೆ ಸರಿ, ಹೊತ್ತು ಹೋದರೆ ಜಿಡ್ಡಿನ ಕಲೆ ಉಳಿಯಬಹುದು. ಹಾರುವ, ಜಿಗಿಯುವ ಭಂಗಿಗೆ ಪಾರದರ್ಶಕ ನೈಲಾನ್ ದಾರ. ನಾನು ಮೊದಲು ಪ್ರಯತ್ನಿಸುವುದು ಇವ್ಯಾವುದೂ ಅಲ್ಲ. ಗೊಂಬೆಯನ್ನು ಬಾಗಿಲಿಗೆ, ಕುರ್ಚಿಯ ಬೆನ್ನಿಗೆ ಒರಗಿಸುತ್ತೇನೆ. ಒಂದು ಮೊಣಕಾಲು ಚೂರು ಮಡಚಿ, ಭಾರವೆಲ್ಲ ಇನ್ನೊಂದು ಕಾಲಿನ ಮೇಲೆ ಬಿದ್ದಂತೆ ಸೊಂಟ ಓರೆ ಮಾಡಿ. ಎರಡೂ ಕಾಲು ನೆಟ್ಟಗೆ ನಿಂತ ಗೊಂಬೆ ಅಂಗಡಿಯ ಡಬ್ಬದಿಂದ ಈಗಷ್ಟೇ ಹೊರಬಂದ ಹಾಗಿರುತ್ತದೆ.

ಗೊಂಬೆಯ ಮೈ ಕಾಪಾಡಿ

ರೆಸಿನ್ ಗೊಂಬೆಯನ್ನು ಬಿಸಿಲಿನಲ್ಲಿ ಬಿಟ್ಟರೆ ನಿಧಾನಕ್ಕೆ ಹಳದಿಯಾಗುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ. ಕಿಟಕಿಯ ಪಕ್ಕ ಫೋಟೋ ತೆಗೆಯಿರಿ, ಆದರೆ ಅಲ್ಲೇ ಇಟ್ಟು ಹೋಗಬೇಡಿ. ಕೈಯಿಂದ ಬಣ್ಣ ಬಳಿದ ಮುಖವನ್ನು ಮುಟ್ಟಬೇಡಿ, ತಲೆಯ ಹಿಂಭಾಗ ಹಿಡಿದು ತಿರುಗಿಸಿ. ಗಾಢ ಬಣ್ಣದ ಬಟ್ಟೆ ವಿನೈಲಿಗೂ ರೆಸಿನ್‌ಗೂ ಬಣ್ಣ ಬಿಡುತ್ತದೆ. ಶೂಟ್ ಮುಗಿಸಿ ದಣಿದಿದ್ದೆ ಅಂತ ಒಮ್ಮೆ ಕಪ್ಪು ಪ್ಯಾಂಟ್ ತೆಗೆಯದೆ ಒಂದು ವಾರ ಹಾಗೇ ಬಿಟ್ಟಿದ್ದೆ. ಆ ಗೊಂಬೆಯ ಮೊಣಕಾಲ ಹಿಂದೆ ನೀಲಿ ನೆರಳು ಇವತ್ತಿಗೂ ಇದೆ. ತುಂಬಾ ಬೇಸರವಾಯಿತು. ಅಂದಿನಿಂದ ಗಾಢ ಬಟ್ಟೆಯ ಒಳಗೆ ಬಿಳಿ ಕಾಲುಚೀಲ ಹಾಕುತ್ತೇನೆ, ಶೂಟ್ ಮುಗಿದ ತಕ್ಷಣ ಬಟ್ಟೆ ಬದಲಿಸುತ್ತೇನೆ.

ಸೆಟ್ ಬಿಚ್ಚುವ ಮೊದಲು ಇನ್ನೊಂದು ಕೆಲಸ ಬಾಕಿ ಇರುತ್ತದೆ. ಕ್ಯಾಮೆರಾ ಅಲ್ಲಾಡಿಸದೆ, ಲೈಟ್ ಬದಲಿಸದೆ, ಗೊಂಬೆ ಮತ್ತು ಸ್ಟ್ಯಾಂಡ್ ಎರಡನ್ನೂ ತೆಗೆದು ಖಾಲಿ ಜಾಗದ ಒಂದು ಫೋಟೋ ತೆಗೆದುಕೊಳ್ಳಿ. ಆಮೇಲೆ ಎಡಿಟ್ ಮಾಡುವಾಗ ಸ್ಟ್ಯಾಂಡ್, ದಾರ ಅಳಿಸಬೇಕಾದರೆ ಅದರ ಹಿಂದೆ ಏನಿತ್ತು ಅಂತ ಊಹಿಸಬೇಕಿಲ್ಲ. ಆ ಫೋಟೋದಿಂದ ಅಷ್ಟು ಭಾಗ ತಂದು ಕೂರಿಸಿದರೆ ಆಯಿತು.